ಬೆಳಗಾಗುವಷ್ಟರಲ್ಲಿ ಕೂತ ಗಾಡಿ

ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರು ಪಟ್ಟಣಗಳನ್ನು ಒಂದರ ಬೆನ್ನಿಗೊಂದರಂತೆ ಹಾದುಹೋಗುವಾಗ, ಐವತ್ತು ಕಿಲೊಮೀಟರಿನ ಆಸುಪಾಸಿನ ಅಂತರದಲ್ಲೇ ಎರಡು ಬೇರೆ ಬೇರೆ ನೆಲಗಳನ್ನು ದಾಟುತ್ತದೆ. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲ್ಲೂಕಿನಿಂದ ಮಸ್ಕಿಯವರೆಗೆ, ಅಂದರೆ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಂಡ ಬೆಟ್ಟದವರೆಗೆ, ಬಂಡೆ, ಗರಸು ಮತ್ತು ಮಸಾರಿ ಮಣ್ಣಿನ ಹರವು ಹೆಚ್ಚು. ಅಲ್ಲಿಂದ ಸಿಂಧನೂರಿನ ಕಡೆ ಇಳಿದಂತೆ ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಎರೆಭೂಮಿ ಮತ್ತು ಭತ್ತದ ಗದ್ದೆಗಳು ಶುರುವಾಗುತ್ತವೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಸ್ವಭಾವದ್ದಾದ್ದರಿಂದ ಅದರ ಮೇಲೆ ಹಾಸಿದ ಡಾಂಬರು ಕೆಲವೇ ಮಳೆಗಾಲಗಳಲ್ಲಿ ಅಲೆಯಲೆಯಾಗುತ್ತದೆ. ಭತ್ತ ಹೊತ್ತ ಲಾರಿಗಳ ಭಾರವೂ, ಗದ್ದೆಯಿಂದ ಕಬ್ಬಿಣದ ಕೇಜ್ ವೀಲ್ ಸಮೇತ ರಸ್ತೆಗೇರುವ ಟ್ರ್ಯಾಕ್ಟರುಗಳ ಕೆರೆತವೂ ಉಳಿದ ಹಾನಿಯನ್ನು ಪೂರೈಸುತ್ತವೆ.

ಇಂಥ ದಾರಿಗೆ ಹೇಳಿ ಮಾಡಿಸಿದಂತೆ ಕಾಣುವ ವಾಹನವೆಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ, ಬೇಕಾದಾಗ ತನ್ನ ಮೈಯನ್ನು ಎತ್ತರಿಸಿಕೊಳ್ಳಬಲ್ಲ, ಗಾಳಿಯ ಮೇಲೆ ನಿಂತ ಫೋರ್ ವೀಲ್ ಡ್ರೈವ್. ಹೊಸದಾಗಿ ಕೊಳ್ಳಲು ಬಹಳ ದುಬಾರಿಯಾದ ಈ ವಾಹನಗಳು ಹತ್ತು-ಹದಿನೈದು ವರ್ಷ ಹಳೆಯವಾದ ಮೇಲೆ ಬೆಲೆ ಕಳೆದುಕೊಂಡು, ಮಹಾನಗರಗಳ ಮಾಲೀಕರ ಕೈಯಿಂದ ದಾಟಿ ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳಿಗೆ ಬರುತ್ತವೆ. ಬಂದ ಮೇಲೆ ಅವುಗಳಲ್ಲಿ ಮೊದಲು ಕಾಣಿಸಿಕೊಳ್ಳುವ ದೊಡ್ಡ ದೋಷ ಸಾಮಾನ್ಯವಾಗಿ ಒಂದೇ: ಸಂಜೆ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೋ, ಹಿಂಭಾಗಕ್ಕೋ, ಇಲ್ಲವೆ ಪೂರ್ತಿಯಾಗಿಯೋ ನೆಲಕ್ಕೆ ಕೂತಿರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ಗಾಳಿ ಇಳಿದಿದೆ’ ಎಂದಷ್ಟೇ ಹೇಳುವುದುಂಟು. ಆದರೆ ಎಲ್ಲಿಂದ ಇಳಿಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುವ ಮುನ್ನವೇ ಬಿಡಿಭಾಗ ಬದಲಿಸುವುದು ಈ ಹಳೆಯ ವಾಹನಗಳ ಮಾಲೀಕರು ಮಾಡುವ ಅತ್ಯಂತ ದುಬಾರಿ ತಪ್ಪು.

ಗಾಳಿಯ ಮೇಲೆ ನಿಲ್ಲುವ ಬಗೆ

ಸಸ್ಪೆನ್ಷನ್ ಎಂದರೆ ಚಕ್ರಕ್ಕೂ ಗಾಡಿಯ ಮೈಗೂ ನಡುವೆ ಇದ್ದು ರಸ್ತೆಯ ಹೊಡೆತವನ್ನು ನುಂಗುವ ವ್ಯವಸ್ಥೆ. ಲಾರಿಗಳಲ್ಲಿ ಈ ಕೆಲಸವನ್ನು ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಮಾಡಿದರೆ, ಬಹುತೇಕ ಕಾರುಗಳಲ್ಲಿ ಸುರುಳಿ ಸ್ಪ್ರಿಂಗು ಮಾಡುತ್ತದೆ. ಏರ್ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಬದಲು, ದಾರದ ನೇಯ್ಗೆಯನ್ನು ಒಳಗೊಂಡ ರಬ್ಬರಿನ ಚೀಲದೊಳಗೆ ಒತ್ತಿ ತುಂಬಿದ ಗಾಳಿಯೇ ಭಾರ ಹೊರುತ್ತದೆ. ಬಸ್ಸು-ಲಾರಿಗಳ ಗ್ಯಾರೇಜುಗಳಲ್ಲಿ ‘ಬಲೂನು’ ಎಂದೇ ಕರೆಯುವ ಈ ಚೀಲ, ಕೆಳಗಿರುವ ಪಿಸ್ಟನ್ನಿನ ಮೇಲೆ ಕಾಲುಚೀಲ ಮಡಚಿದಂತೆ ಮಡಚಿಕೊಂಡು ಉರುಳುತ್ತದೆ. ಆ ಮಡಿಕೆಯೇ ಅದರ ಶಕ್ತಿ, ಮುಪ್ಪಿನಲ್ಲಿ ಅದರ ದೌರ್ಬಲ್ಯವೂ ಅದೇ.

1992ರಲ್ಲಿ ರೇಂಜ್ ರೋವರ್ ವಾಹನಕ್ಕೆ ಎಲೆಕ್ಟ್ರಾನಿಕ್ ನಿಯಂತ್ರಣದ ಏರ್ ಸಸ್ಪೆನ್ಷನ್ ಬಂದಿತು; 1994ರಲ್ಲಿ ಬಿಡುಗಡೆಯಾದ, ಪಿ38ಎ ಎಂಬ ಹೆಸರಿನಿಂದ ಪ್ರಸಿದ್ಧವಾದ ಎರಡನೆಯ ತಲೆಮಾರಿನ ರೇಂಜ್ ರೋವರ್, ಹಾಗೂ 2004ರಲ್ಲಿ ಬಂದ ಡಿಸ್ಕವರಿ 3 ಈ ವ್ಯವಸ್ಥೆಯನ್ನು ಜಗತ್ತಿನ ಕಚ್ಚಾ ರಸ್ತೆಗಳಿಗೆ ಪರಿಚಯಿಸಿದವು. 2008ರಲ್ಲಿ ಟಾಟಾ ಮೋಟಾರ್ಸ್ ಇವುಗಳನ್ನು ತಯಾರಿಸುವ ಬ್ರಿಟಿಷ್ ಕಂಪನಿ ಲ್ಯಾಂಡ್ ರೋವರನ್ನು ಕೊಂಡ ಮರುವರ್ಷವೇ ಅದರ ವಾಹನಗಳು ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದವು. ಆಡಿ ಕ್ಯೂ7, ಮರ್ಸಿಡಿಸ್ ಜಿಎಲ್‌ನಂಥ ಬೇರೆ ಕಂಪನಿಗಳ ವಾಹನಗಳಲ್ಲೂ ಇದೇ ತತ್ತ್ವದ ವ್ಯವಸ್ಥೆ ಇರುತ್ತದೆ. ಇವೆಲ್ಲ ಈಗ ಮರುಮಾರಾಟದ ಸರಕುಗಳಾಗಿದ್ದು, ಅವುಗಳ ಅಧಿಕೃತ ಸೇವಾಕೇಂದ್ರಗಳು ಇರುವುದು ಬೆಂಗಳೂರು, ಹೈದರಾಬಾದಿನಂಥ ದೊಡ್ಡ ನಗರಗಳಲ್ಲಿ.

ವ್ಯವಸ್ಥೆಯ ಅಂಗಗಳು ಹೆಚ್ಚೇನಿಲ್ಲ. ಬ್ಯಾಟರಿಯ ವಿದ್ಯುತ್ತಿನಿಂದ ಓಡುವ ಪುಟ್ಟ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಆ ಗಾಳಿ ಡ್ರೈಯರ್ ಎಂಬ, ತೇವ ಹೀರುವ ಸಿಲಿಕಾ ಜೆಲ್ ಮಾದರಿಯ ಹರಳುಗಳು ತುಂಬಿದ ಡಬ್ಬಿಯನ್ನು ಹಾದು, ಶೇಖರಣಾ ಟ್ಯಾಂಕಿಗೆ ಹೋಗಿ ಹತ್ತು ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ, ಅಂದರೆ ಕಾರಿನ ಟಯರಿನಲ್ಲಿರುವ ಒತ್ತಡದ ಹಲವು ಪಟ್ಟಿನಲ್ಲಿ ಕಾದಿರುತ್ತದೆ. ಅಲ್ಲಿಂದ ವಾಲ್ವ್ ಬ್ಲಾಕ್ ಎಂಬ ಹಂಚಿಕೆಯ ಪೆಟ್ಟಿಗೆ, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವುಗಳ ಮೂಲಕ, ಬೆರಳಿಗಿಂತ ತೆಳುವಾದ ನೈಲಾನ್ ಕೊಳವೆಗಳಲ್ಲಿ ಗಾಳಿಯನ್ನು ನಾಲ್ಕೂ ಬಲೂನುಗಳಿಗೆ ಕಳುಹಿಸುತ್ತದೆ. ಪ್ರತಿ ಚಕ್ರದ ಬಳಿಯೂ ಇರುವ ಎತ್ತರದ ಸೆನ್ಸರ್ ಗಾಡಿಯ ಮೈ ಎಷ್ಟು ಮೇಲಿದೆ ಎಂಬುದನ್ನು ನಿಯಂತ್ರಣ ಪೆಟ್ಟಿಗೆಗೆ, ಅಂದರೆ ಕಂಪ್ಯೂಟರಿಗೆ, ತಿಳಿಸುತ್ತಿರುತ್ತದೆ. ಸೋರಿಕೆ ಇವುಗಳಲ್ಲಿ ಎಲ್ಲಿಯಾದರೂ ಆಗಬಹುದಾದ್ದರಿಂದಲೇ ಹುಡುಕಾಟಕ್ಕೆ ಒಂದು ಕ್ರಮ ಬೇಕಾಗುತ್ತದೆ.

ಗಾಡಿ ಕೂರುವ ರೀತಿಯೇ ಮೊದಲ ಸಾಕ್ಷಿ

ಪರೀಕ್ಷೆಗೆ ಬೇಕಾದ ಮೊದಲ ಉಪಕರಣ ಒಂದು ಅಳತೆಪಟ್ಟಿ, ಮೊದಲ ಜಾಗ ಒಂದು ಸಮತಟ್ಟಾದ ಕಾಂಕ್ರೀಟು ನೆಲ. ಅಕ್ಕಿ ಗಿರಣಿಗಳ ಕಣ ಇದಕ್ಕೆ ಬಹಳ ಸೂಕ್ತ. ಸಂಜೆ ಗಾಡಿಯನ್ನು ಅಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ನೇರ ಮೇಲಿರುವ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದಿಟ್ಟು, ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಮತ್ತೆ ಅಳೆಯಬೇಕು. ಏಕೆಂದರೆ ಅನೇಕ ಮಾದರಿಗಳಲ್ಲಿ ಬಾಗಿಲು ತೆರೆದೊಡನೆ ಕಂಪ್ಯೂಟರು ಎಚ್ಚೆತ್ತು ಎತ್ತರ ಸರಿಪಡಿಸಲು ತೊಡಗುವುದರಿಂದ ಸಾಕ್ಷಿ ಅಳಿಸಿಹೋಗುತ್ತದೆ. ನೆಲದಿಂದ ಅಳೆಯದೆ ಚಕ್ರದ ನಡುವಿನಿಂದ ಅಳೆಯುವುದಕ್ಕೂ ಕಾರಣವಿದೆ: ಟಯರಿನ ಗಾಳಿ ಕಡಿಮೆಯಾಗಿದ್ದರೆ ಅದರ ಲೆಕ್ಕ ಬಲೂನಿನ ಲೆಕ್ಕದೊಳಗೆ ಸೇರಬಾರದು.

ಇಲ್ಲಿ ಬಹಳ ಜನ ಮೆಕ್ಯಾನಿಕರನ್ನು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಪಿ38ಎ ಮೊದಲಾದ ವಾಹನಗಳ ಕಂಪ್ಯೂಟರು, ಗಾಡಿ ನಿಂತಿರುವಾಗಲೂ ಕೆಲವು ಗಂಟೆಗಳಿಗೊಮ್ಮೆ ತಾನಾಗಿ ಎದ್ದು ನಾಲ್ಕೂ ಮೂಲೆಗಳ ಎತ್ತರ ನೋಡುತ್ತದೆ, ಮತ್ತು ಒಂದು ಮೂಲೆ ಇಳಿದಿದ್ದರೆ ಅದನ್ನು ಮೇಲೆತ್ತುವ ಬದಲು ಉಳಿದ ಮೂರರಿಂದಲೂ ಗಾಳಿ ಬಿಟ್ಟು ಎಲ್ಲವನ್ನೂ ಇಳಿದ ಮೂಲೆಯ ಮಟ್ಟಕ್ಕೆ ತರುತ್ತದೆ. ರಾತ್ರಿಯಲ್ಲಿ ಹೀಗೆ ಎರಡು ಮೂರು ಬಾರಿ ಆದರೆ, ಒಂದೇ ಬಲೂನಿನ ಸಣ್ಣ ತೂತು ಬೆಳಿಗ್ಗೆ ಇಡೀ ಗಾಡಿಯ ಕುಸಿತವಾಗಿ ಕಾಣುತ್ತದೆ, ನಾಲ್ಕೂ ಬಲೂನು ಹೋಗಿವೆ ಎಂಬ ತೀರ್ಪು ಹೊರಬೀಳುತ್ತದೆ. ಆದ್ದರಿಂದ ಅಳತೆಗೆ ಮುನ್ನ ವಾಹನದ ಕೈಪಿಡಿಯಲ್ಲಿ ಸೂಚಿಸಿರುವ ಸಸ್ಪೆನ್ಷನ್ನಿನ ಫ್ಯೂಸನ್ನೋ ರಿಲೇಯನ್ನೋ ತೆಗೆದಿಡುವುದು ಕಡ್ಡಾಯ. ಕಂಪ್ಯೂಟರು ಮಲಗಿದ್ದಾಗ ಸೋರುವ ಮೂಲೆ ಮಾತ್ರ ಇಳಿಯುತ್ತದೆ, ಉಳಿದವು ನಿಂತಲ್ಲೇ ನಿಲ್ಲುತ್ತವೆ. ಈ ಒಂದು ಹೆಜ್ಜೆ ತಪ್ಪಿದರೆ ಮುಂದಿನ ಎಲ್ಲ ಶ್ರಮ ವ್ಯರ್ಥ.

ಇದೇ ಹೆಜ್ಜೆ ಇನ್ನೊಂದು ಅನುಮಾನವನ್ನೂ ಪರಿಹರಿಸುತ್ತದೆ. ಗುಂಡಿಗೆ ಬಿದ್ದಾಗ ಎತ್ತರದ ಸೆನ್ಸರಿನ ಪುಟ್ಟ ಕಡ್ಡಿ ಮುರಿದಿದ್ದರೂ ಗಾಡಿ ವಾಲಿ ನಿಲ್ಲುತ್ತದೆ, ಏಕೆಂದರೆ ಕಂಪ್ಯೂಟರಿಗೆ ಸುಳ್ಳು ಎತ್ತರ ತಲುಪುತ್ತಿರುತ್ತದೆ. ಆದರೆ ಫ್ಯೂಸ್ ತೆಗೆದ ಮೇಲೆ ಆ ವಾಲುವಿಕೆ ಮುಂದುವರಿಯುವುದಿಲ್ಲ. ಕಂಪ್ಯೂಟರು ಮಲಗಿದ್ದಾಗಲೂ ಇಳಿಯುವುದು ಸೋರಿಕೆ, ಎಚ್ಚರವಾಗಿದ್ದಾಗ ಮಾತ್ರ ವಾಲುವುದು ಸೆನ್ಸರಿನ ಅಥವಾ ತಂತಿಯ ದೋಷ.

ರಾಯಚೂರು ಸೀಮೆಯ ಬೇಸಿಗೆಯಲ್ಲಿ ಮತ್ತೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಸಂಜೆ 42 ಡಿಗ್ರಿ ಇದ್ದ ಗಾಳಿ ನಸುಕಿಗೆ 27 ಡಿಗ್ರಿಗೆ ಇಳಿದರೆ, ಭಾರ ಬದಲಾಗದಿರುವಾಗ ಬಲೂನಿನೊಳಗಿನ ಗಾಳಿ ತನ್ನ ಗಾತ್ರದ ಇಪ್ಪತ್ತನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಒಳಗಿನ ಗಾಳಿಯ ಕಂಬ 200 ಮಿಲಿಮೀಟರ್ ಎತ್ತರವಿದೆ ಎಂದು ಹಿಡಿದರೆ ಸುಮಾರು 10 ಮಿಲಿಮೀಟರ್ ಇಳಿತ ಬರೀ ತಂಪಿನಿಂದಲೇ ಆಗಬಹುದು. ನಾಲ್ಕೂ ಮೂಲೆ ಸಮನಾಗಿ ಅಷ್ಟು ಇಳಿದಿದ್ದರೆ ಅದು ರೋಗವಲ್ಲ. ಮೂರು ಮೂಲೆ ಎಂಟು ಮಿಲಿಮೀಟರ್ ಇಳಿದು ನಾಲ್ಕನೆಯದು ನಲವತ್ತು ಇಳಿದಿದ್ದರೆ ರೋಗದ ಜಾಗ ಗೊತ್ತಾದಂತೆ.

ಬೆಳಗಿನ ಅಳತೆಯನ್ನು ಓದುವುದರಲ್ಲಿ ಇಡೀ ಕಲೆ ಇದೆ. ಒಂದೇ ಮೂಲೆ ಇಳಿದಿದ್ದರೆ ಆ ಬಲೂನು, ಅದರ ಕೊಳವೆ, ಕೊಳವೆಯ ಎರಡು ತುದಿಯ ಜೋಡಣೆ, ಅಥವಾ ವಾಲ್ವ್ ಬ್ಲಾಕಿನಲ್ಲಿ ಆ ಮೂಲೆಗೆ ಸೇರಿದ ಸೊಲೆನಾಯ್ಡ್, ಇವುಗಳಾಚೆಗೆ ಹುಡುಕುವ ಅಗತ್ಯವಿಲ್ಲ. ಒಂದೇ ಅಚ್ಚಿನ ಎರಡೂ ಬದಿ ಸಮನಾಗಿ ಇಳಿದಿದ್ದರೆ, ಎರಡು ಬಲೂನು ಒಂದೇ ರಾತ್ರಿ ಒಂದೇ ಪ್ರಮಾಣದಲ್ಲಿ ಸೋರುವುದು ಅಪರೂಪವಾದ್ದರಿಂದ, ಅವೆರಡಕ್ಕೂ ಸಾಮಾನ್ಯವಾದ ವಾಲ್ವ್ ಬ್ಲಾಕಿನ ಮೇಲೆ ಅನುಮಾನ ತಿರುಗುತ್ತದೆ. ನಾಲ್ಕೂ ಮೂಲೆ ನಿಂತಿದ್ದು, ಎಂಜಿನ್ ಶುರುಮಾಡಿದೊಡನೆ ಕಂಪ್ರೆಸರ್ ಬಹಳ ಹೊತ್ತು ಓಡಿದರೆ, ಸೋರುತ್ತಿರುವುದು ಟ್ಯಾಂಕು, ಗಾಳಿ ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವು, ಡ್ರೈಯರ್ ಅಥವಾ ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವು. ಸಾಮಾನ್ಯ ಎತ್ತರದಲ್ಲಿ ನಾಲ್ಕು ದಿನ ನಿಲ್ಲುವ ಗಾಡಿ, ಗದ್ದೆ ದಾರಿಗಾಗಿ ಎತ್ತರಿಸಿದಾಗ ಮಾತ್ರ ಕೂರುತ್ತಿದ್ದರೆ, ಬಲೂನಿನ ಬಿರುಕು ಸಾಮಾನ್ಯ ಎತ್ತರದಲ್ಲಿ ಪಿಸ್ಟನ್ನಿಗೆ ಒತ್ತಿ ಮುಚ್ಚಿಕೊಂಡಿದ್ದು ಎತ್ತರಿಸಿದಾಗ ಮಡಿಕೆ ಬಿಚ್ಚಿ ಬಾಯಿ ತೆರೆಯುತ್ತಿದೆ ಎಂದರ್ಥ. ಆದ್ದರಿಂದ ರಾತ್ರಿಯ ಪರೀಕ್ಷೆಯನ್ನು ಬೇರೆ ಬೇರೆ ಎತ್ತರಗಳಲ್ಲಿ ಪುನರಾವರ್ತಿಸದೆ ಬಲೂನು ಚೆನ್ನಾಗಿದೆ ಎಂದು ಹೇಳಲಾಗದು.

ಸೋಪಿನ ನೀರು ಮತ್ತು ಎರೆಮಣ್ಣು

ಮೂಲೆ ಗೊತ್ತಾದ ಮೇಲೆ ತೂತು ಕಾಣಿಸುವ ಕೆಲಸವನ್ನು ಸೋಪಿನ ನೀರು ಮಾಡುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವ ತತ್ತ್ವವೇ ಇದು. ಬಲೂನನ್ನು ಮುಳುಗಿಸಲಾಗದ ಕಾರಣ ಪಾತ್ರೆ ತೊಳೆಯುವ ದ್ರವವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಸ್ಪ್ರೇ ಬಾಟಲಿಯಿಂದ ಚಿಮುಕಿಸಬೇಕು. ದೊಡ್ಡ ತೂತಿನಲ್ಲಿ ಗುಳ್ಳೆಗಳು ಕೂಡಲೇ ಉಬ್ಬುತ್ತವೆ. ಒಂದು ರಾತ್ರಿಗೆ ಎರಡು ಸೆಂಟಿಮೀಟರ್ ಇಳಿಸುವಂಥ ಸಣ್ಣ ತೂತಿನಲ್ಲಿ ಒಂದೆರಡು ನಿಮಿಷ ಕಾದ ಮೇಲೆ ಬಿಳಿಯ ನೊರೆಯ ಸಣ್ಣ ಗುಪ್ಪೆಯೊಂದು ಕಾಣಿಸುತ್ತದೆ, ಅಷ್ಟೆ. ಮೇ ತಿಂಗಳ ಮಧ್ಯಾಹ್ನದಲ್ಲಿ ನೊರೆ ಏಳುವ ಮೊದಲೇ ನೀರು ಆರಿಹೋಗುವುದರಿಂದ ಈ ಪರೀಕ್ಷೆ ಮುಂಜಾನೆಯ ಅಥವಾ ನೆರಳಿನ ಕೆಲಸ. ಗಾಡಿಯನ್ನು ಅತ್ಯಂತ ಎತ್ತರದ ಸ್ಥಿತಿಯಲ್ಲಿ ಇರಿಸಿದರೆ ಮಡಿಕೆ ಬಿಚ್ಚಿ ತೂತು ಸುಲಭವಾಗಿ ಕಾಣುತ್ತದೆ.

ಚಿಮುಕಿಸುವ ಮುನ್ನ ತೊಳೆಯಬೇಕು, ಮತ್ತು ಈ ಸೀಮೆಯಲ್ಲಿ ತೊಳೆಯುವುದೇ ಅರ್ಧ ಚಿಕಿತ್ಸೆ. ಸಿಂಧನೂರಿನ ಸುತ್ತಣ ಎರೆಕೆಸರು ಬಲೂನಿನ ಮಡಿಕೆಯೊಳಗೆ ಸೇರಿ ಒಣಗಿದರೆ ಹೆಂಟೆಯಂತೆ ಗಟ್ಟಿಯಾಗಿ, ಗಾಡಿ ಕುಣಿದಾಗಲೆಲ್ಲ ರಬ್ಬರನ್ನು ಉಜ್ಜುತ್ತದೆ. ಮಸ್ಕಿ, ಲಿಂಗಸುಗೂರು ಕಡೆಯ ಗರಸಿನ ಚೂಪು ಕಣಗಳು ಅದೇ ಜಾಗದಲ್ಲಿ ಸಿಕ್ಕಿ ಕೊರೆಯುತ್ತವೆ. ಬಿಸಿಲು ಮತ್ತು ವಯಸ್ಸು ರಬ್ಬರಿನ ಎಣ್ಣೆಯಂಶವನ್ನು ಕಳೆದು ಟಯರಿನ ಪಕ್ಕೆಯಲ್ಲಿ ಕಾಣುವಂಥ ಸಣ್ಣ ಗೀರುಗಳನ್ನು ಮೂಡಿಸಿರುತ್ತವೆ. ಕೆಸರೂ ಗರಸೂ ಆ ಗೀರುಗಳನ್ನು ತೂತಾಗಿಸುತ್ತವೆ. ಭತ್ತದ ಸೀಮೆಯಲ್ಲಿ ಇಲಿಗಳ ಕಾಟವೂ ಕಡಿಮೆಯಲ್ಲವಾದ್ದರಿಂದ, ಗೋದಾಮಿನ ಪಕ್ಕ ನಿಲ್ಲಿಸುವ ವಾಹನದ ನೈಲಾನ್ ಕೊಳವೆಗಳನ್ನು ಉದ್ದಕ್ಕೂ ಬೆರಳಾಡಿಸಿ ನೋಡುವುದು ಒಳಿತು. ಹಲ್ಲಿನ ಗುರುತು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ.

ಬಲೂನು, ಕೊಳವೆ ಎರಡರಲ್ಲೂ ಗುಳ್ಳೆ ಕಾಣದಿದ್ದರೆ ವಾಲ್ವ್ ಬ್ಲಾಕಿನ ಸರದಿ. ಅದರ ಒಳಗಿನ ಸೋರಿಕೆ ಹೊರಗೆ ಗುಳ್ಳೆಯಾಗಿ ಕಾಣದೆ ಎಕ್ಸಾಸ್ಟಿನ ದಾರಿಯಲ್ಲಿ ಹೋಗಿಬಿಡಬಹುದಾದ್ದರಿಂದ ಅನುಭವಿ ಮೇಸ್ತ್ರಿಗಳು ಅದಲುಬದಲಿನ ಪರೀಕ್ಷೆ ಮಾಡುತ್ತಾರೆ: ಗಾಡಿಯ ಮೈಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿ, ಗಾಳಿಯನ್ನು ಪೂರ್ತಿ ಬಿಟ್ಟು, ಮುಂದಿನ ಎಡ ಮತ್ತು ಬಲ ಚಕ್ರದ ಕೊಳವೆಗಳನ್ನು ಬ್ಲಾಕಿನ ಬಳಿ ತಾತ್ಕಾಲಿಕವಾಗಿ ಅದಲುಬದಲು ಮಾಡಿ, ಮತ್ತೆ ಗಾಳಿ ತುಂಬಿ ಕಾಯುತ್ತಾರೆ. ಕುಸಿತ ಮೊದಲಿನ ಮೂಲೆಯಲ್ಲೇ ಉಳಿದರೆ ದೋಷ ಬಲೂನಿನದೋ ಕೊಳವೆಯದೋ. ಕುಸಿತ ಎದುರು ಮೂಲೆಗೆ ದಾಟಿದರೆ ದೋಷ ಬ್ಲಾಕಿನದು. ಬ್ಲಾಕಿನ ದೋಷವೆಂದರೆ ಬಹುಪಾಲು ಸಂದರ್ಭಗಳಲ್ಲಿ ಒಳಗಿರುವ ಓ ರಿಂಗ್ ಎಂಬ ಸಣ್ಣ ರಬ್ಬರ್ ಬಳೆಗಳು ಗಟ್ಟಿಯಾಗಿ ಚಪ್ಪಟೆಯಾಗಿರುವುದು, ಅಥವಾ ವಾಲ್ವಿನ ಪೀಠದ ಮೇಲೆ ಬಿಳಿಯ ಪುಡಿ ಕೂತಿರುವುದು. ಆ ಬಿಳಿಯ ಪುಡಿ ಬಂದದ್ದೆಲ್ಲಿಂದ ಎಂಬುದನ್ನು ತಿಳಿದರೆ ಇಡೀ ರೋಗದ ಕಥೆ ತಿಳಿಯುತ್ತದೆ.

ಡ್ರೈಯರಿನ ಹರಳುಗಳು ಒಳಬರುವ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಗಾಡಿ ತಗ್ಗುವಾಗ ಬಲೂನಿನ ಒಣಗಾಳಿ ಅದೇ ಡ್ರೈಯರಿನ ಮೂಲಕ ಹಿಂದಿರುಗಿ, ಹೀರಿದ ತೇವವನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ. ಬಲೂನಿನಲ್ಲಿ ತೂತಿದ್ದಾಗ ಗಾಳಿ ಒಳಬರುವುದು ಡ್ರೈಯರಿನ ಮೂಲಕ, ಹೋಗುವುದು ತೂತಿನ ಮೂಲಕ. ಹರಳುಗಳಿಗೆ ಒಣಗುವ ಅವಕಾಶವೇ ಸಿಗುವುದಿಲ್ಲ. ಮಳೆಗಾಲದಲ್ಲಿ, ಸುತ್ತಲೂ ನೀರು ನಿಂತ ಗದ್ದೆಗಳ ತೇವದ ಗಾಳಿಯನ್ನು ಎಳೆಯುತ್ತ ಹರಳುಗಳು ತೊಯ್ದು, ಒಡೆದು ಪುಡಿಯಾಗಿ, ಆ ಪುಡಿ ಮತ್ತು ತೇವ ಎರಡೂ ವಾಲ್ವ್ ಬ್ಲಾಕಿಗೆ ಸೇರುತ್ತವೆ. ವಾಲ್ವು ಪೂರ್ತಿ ಮುಚ್ಚದೆ ಎರಡನೆಯ ಸೋರಿಕೆ ಹುಟ್ಟುತ್ತದೆ. ಇತ್ತ ಕಂಪ್ರೆಸರ್, ಕೆಲವು ನಿಮಿಷ ಓಡಿ ಬಹಳ ಹೊತ್ತು ತಣಿಯಲೆಂದು ರಚಿತವಾದದ್ದು, ಸೋರಿದ್ದನ್ನು ತುಂಬುತ್ತಲೇ ಇರಬೇಕಾಗಿ ಕಾದು, ಪಿಸ್ಟನ್ನಿನ ಸೀಲು ಸವೆದು, ಕೊನೆಗೆ ನಿಂತೇ ಹೋಗುತ್ತದೆ. ಹೀಗಾಗಿ ಗ್ಯಾರೇಜಿಗೆ ಬರುವಾಗ ಕಾಣುವ ದೋಷ ‘ಕಂಪ್ರೆಸರ್ ಕೆಟ್ಟಿದೆ’ ಎಂಬುದು. ಬದಲಿಸಿದ ಹೊಸ ಕಂಪ್ರೆಸರ್ ಅದೇ ತೂತಿಗೆ ದುಡಿದು ಅದೇ ದಾರಿ ಹಿಡಿಯುತ್ತದೆ. ತೂತು ಮುಚ್ಚದೆ ಕಂಪ್ರೆಸರ್ ಬದಲಿಸುವುದು, ಮತ್ತು ಡ್ರೈಯರಿನ ಹರಳು ಬದಲಿಸದೆ ವಾಲ್ವ್ ಬ್ಲಾಕ್ ತೊಳೆಯುವುದು, ಎರಡೂ ಹಣವನ್ನು ಗಾಳಿಗೆ ಬಿಡುವ ಕೆಲಸವೇ.

ಬಸ್ಸಿನ ವಿದ್ಯೆ, ಕಾರಿನ ಮಿತಿ

ಗಾಳಿಯ ವಿದ್ಯೆ ಈ ಊರುಗಳಿಗೆ ಹೊಸದಲ್ಲ. 2000ದಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಕರೆಸಿಕೊಳ್ಳುವ ಸಂಸ್ಥೆಯ ಬಸ್ಸುಗಳೂ, ಭತ್ತ-ಅಕ್ಕಿ ಸಾಗಿಸುವ ಲಾರಿಗಳೂ ಏರ್ ಬ್ರೇಕಿನ ಮೇಲೆ ನಡೆಯುತ್ತವೆ. ರಾತ್ರಿ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸುಗಳಲ್ಲಿ ಬಲೂನುಗಳೂ ಇರುತ್ತವೆ. ಎಂಜಿನ್ ನಿಲ್ಲಿಸಿ, ಗಾಳಿಯ ಗೇಜಿನ ಮುಳ್ಳು ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯುತ್ತದೆಂದು ನೋಡಿ, ಕಿವಿಗೊಟ್ಟು ಸೋರುವ ಜಾಗ ಹೇಳಬಲ್ಲ ಮೇಸ್ತ್ರಿಗಳು ಇಲ್ಲಿ ತಲೆಮಾರಿನಿಂದ ಇದ್ದಾರೆ. ಏರ್ ಸಸ್ಪೆನ್ಷನ್ನಿನ ಸೋರಿಕೆ ಹುಡುಕಲು ಬೇಕಾದ ವಿದ್ಯೆಯ ಮುಕ್ಕಾಲು ಪಾಲು ಇದೇ. ಆದ್ದರಿಂದ ಇಂಥ ಗಾಡಿಯನ್ನು ಟ್ರಕ್ಕಿನ ಮೇಲೆ ಹೇರಿ ನಾನೂರು ಕಿಲೊಮೀಟರ್ ದೂರದ ಬೆಂಗಳೂರಿಗೆ ಕಳುಹಿಸುವುದೊಂದೇ ದಾರಿ ಎಂಬ ನಂಬಿಕೆಗೆ ಆಧಾರವಿಲ್ಲ.

ಆದರೆ ಒಂದು ವ್ಯತ್ಯಾಸವನ್ನು ಆ ಮೇಸ್ತ್ರಿಗಳು ಮನಸ್ಸಿನಲ್ಲಿಡಬೇಕು. ಬಸ್ಸಿನ ಕಂಪ್ರೆಸರನ್ನು ಎಂಜಿನ್ನೇ ಓಡಿಸುತ್ತದೆ, ಅದು ದಿನವಿಡೀ ದುಡಿಯಲು ಕಟ್ಟಿದ ಗಟ್ಟಿ ಯಂತ್ರ. ಸಣ್ಣ ಸೋರಿಕೆಯನ್ನು ಅದು ನುಂಗಿಕೊಂಡು ನಡೆಯುತ್ತದೆ, ‘ಸ್ವಲ್ಪ ಬಿಡುತ್ತದೆ, ನಡೀತದೆ’ ಎಂಬ ಮಾತು ಅಲ್ಲಿ ಕೆಲವು ದಿನ ಹೊಂದಬಹುದು. ಫೋರ್ ವೀಲ್ ಡ್ರೈವಿನ ಪುಟ್ಟ ವಿದ್ಯುತ್ ಕಂಪ್ರೆಸರಿಗೆ ಆ ತಾಳಿಕೆ ಇಲ್ಲ. ಬಸ್ಸಿನಲ್ಲಿ ಕ್ಷಮ್ಯವಾದ ಸೋರಿಕೆ ಇಲ್ಲಿ ಮಾರಕ.

ರಿಪೇರಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಬಿರಿದ ಬಲೂನಿಗೆ ಪ್ಯಾಚು ಹಾಕುವಂತಿಲ್ಲ, ಒಂದೇ ಅಚ್ಚಿನ ಎರಡನ್ನೂ ಜೊತೆಯಾಗಿ ಬದಲಿಸುವುದೇ ಸರಿ. ಕೊಳವೆಯ ತುದಿ ಗೀರಿದ್ದರೆ ಆ ಭಾಗವನ್ನು ಹರಿತ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹೊಸ ತುದಿಯನ್ನು ಜೋಡಿಸಿದರೆ ಅನೇಕ ಸೋರಿಕೆಗಳು ಅಲ್ಲಿಗೇ ಮುಗಿಯುತ್ತವೆ. ಜಾಕಿನಿಂದ ಗಾಡಿ ಇಳಿಸುವ ಮುನ್ನ ಹೊಸ ಬಲೂನಿಗೆ ಗಾಳಿ ತುಂಬಿರಲೇಬೇಕು, ಇಲ್ಲದಿದ್ದರೆ ಮಡಿಕೆ ತಪ್ಪಿ ಅದು ಮೊದಲ ದಿನವೇ ಹಾಳಾಗುತ್ತದೆ. ಬೇಸತ್ತ ಕೆಲವರು ಬಲೂನು ತೆಗೆಸಿ ಉಕ್ಕಿನ ಸುರುಳಿ ಹಾಕಿಸುವುದುಂಟು. ಬಿಡಿಭಾಗವೇ ಸಿಗದ ಗಾಡಿಗೆ ಅದು ಒಪ್ಪತಕ್ಕದ್ದೇ. ಆದರೆ ಎತ್ತರ ಬದಲಿಸುವ ಗುಣಕ್ಕಾಗಿ ಕೊಂಡ ವಾಹನದಿಂದ, ಹತ್ತು ರೂಪಾಯಿಯ ಓ ರಿಂಗ್ ಹುಡುಕದೆ, ಆ ಗುಣವನ್ನೇ ಕಿತ್ತುಹಾಕುವುದು ಅವಸರದ ತೀರ್ಮಾನ.

ಕೊನೆಯದಾಗಿ ಗಾಡಿಯ ಮಾಲೀಕರಿಗೂ, ಅದರ ಕೆಳಗೆ ಮಲಗಿ ಕೆಲಸ ಮಾಡುವ ಹುಡುಗರಿಗೂ, ಆ ಹುಡುಗರನ್ನು ಕೆಲಸಕ್ಕಿಟ್ಟುಕೊಂಡ ಮೇಸ್ತ್ರಿಗಳಿಗೂ ಒಂದು ವಿನಂತಿ. ಎರಡು ಟನ್ನಿಗೂ ಹೆಚ್ಚು ತೂಗುವ ಈ ವಾಹನಗಳು ಗಾಳಿಯ ಮೇಲೆ ನಿಂತಿರುತ್ತವೆ. ಒಂದು ಕೊಳವೆ ಕಳಚಿದರೆ, ಅಥವಾ ಯಾರೋ ಬಾಗಿಲು ತೆರೆದು ಕಂಪ್ಯೂಟರು ಎಚ್ಚೆತ್ತರೆ, ಮೈ ಸದ್ದಿಲ್ಲದೆ ಕೆಲವೇ ಕ್ಷಣಗಳಲ್ಲಿ ಕೆಳಗಿಳಿಯುತ್ತದೆ, ಸರಿದುಕೊಳ್ಳಲು ಸಮಯ ಕೊಡುವುದಿಲ್ಲ. ಜಾಕ್ ಒಂದನ್ನೇ ನಂಬದೆ, ಇಟ್ಟಿಗೆ-ಕಲ್ಲುಗಳನ್ನು ಒಟ್ಟದೆ, ಚಾಸಿಯ ಕೆಳಗೆ ಭಾರ ಹೊರಬಲ್ಲ ಉಕ್ಕಿನ ಸ್ಟ್ಯಾಂಡುಗಳನ್ನು ಇಟ್ಟು, ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಗಾಡಿಯ ಕೆಳಗೆ ತಲೆಯಿಡಿ.